ಒಲೆಯ ಹೊಗೆ ಮತ್ತು ಆಕಾಶದ ಮಬ್ಬು
(ಇಂಧನ, ವಾಯುಮಾಲಿನ್ಯ ಹಾಗೂ ಹವಾಮಾನ ಕುರಿತ ಸಂಶೋಧನೆಗಳು ನಮ್ಮ ಊರುಗಳಿಗೆ ಕಲಿಸುವ ಪಾಠ)

ಪೀಠಿಕೆ

ಬೆಂಕಿಯು ಮಾನವನಿಗೆ ದೊರೆತ ಮೊದಲ ಶಕ್ತಿ. ಹೊಗೆಯು ಅದರೊಡನೆಯೇ ಹುಟ್ಟಿದ ಮೊದಲ ಮಾಲಿನ್ಯ. ಬೆಂಕಿಯ ಉಪಕಾರವನ್ನು ಹಾಡಿ ಹೊಗಳಿದ ನಾವು ಹೊಗೆಯ ಅಪಕಾರವನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಅದಕ್ಕೆ ಕಾರಣವಿಷ್ಟೆ: ಆ ಹೊಗೆಯನ್ನು ಕುಡಿದವರು ಲೆಕ್ಕ ಬರೆಯುವವರಾಗಿರಲಿಲ್ಲ. ಅವರು ಅಡುಗೆಮನೆಯಲ್ಲಿ ಕುಳಿತು ಊದುಗೊಳವೆ ಊದುತ್ತಿದ್ದ ನಮ್ಮ ತಾಯಂದಿರು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಭಾಗದ ಹಳೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಆ ದೃಶ್ಯವನ್ನು ವರ್ಣಿಸಬೇಕಾಗಿಲ್ಲ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಕಿದ ಮಾಳಿಗೆ, ಬೆಳಕಿಗೂ ಹೊಗೆಗೂ ಒಂದೇ ದಾರಿಯಾದ ಬೆಳಕಿಂಡಿ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಇರುವ ಈ ಮನೆಗಳು ನಮ್ಮ ಹಿರಿಯರ ಜಾಣ್ಮೆಗೆ ಸಾಕ್ಷಿಯಾಗಿವೆ. ಆದರೆ ಒಳಮನೆಯ ತೊಲೆ ಜಂತಿಗಳಿಗೆ ಹತ್ತಿದ ಕರಿಯ ಮಸಿಯು ಬೇರೊಂದು ಸಂಗತಿಗೂ ಸಾಕ್ಷಿಯಾಗಿದೆ. ಮರಕ್ಕೆ ಅಷ್ಟು ಮಸಿ ಹತ್ತಿತೆಂದರೆ ಆ ಕೋಣೆಯಲ್ಲಿ ಮೂವತ್ತು ನಲವತ್ತು ವರ್ಷ ಉಸಿರಾಡಿದವರ ಎದೆಗೆ ಎಷ್ಟು ಹತ್ತಿರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಕಳೆದ ಐವತ್ತು ವರ್ಷಗಳಲ್ಲಿ ಸರಕಾರದ ಹಣದಿಂದ ಹಲವು ಸಂಶೋಧನೆಗಳು ನಡೆದಿವೆ. ಅವುಗಳಲ್ಲಿ ಒಂದು ಮುಖ್ಯ ಅಧ್ಯಾಯವು ನಮ್ಮ ಕರ್ನಾಟಕದ ಹಳ್ಳಿಯೊಂದರಲ್ಲಿಯೇ ಪ್ರಾರಂಭವಾಯಿತೆಂಬುದು ನಾವು ಅಭಿಮಾನ ಪಡಬೇಕಾದ ವಿಷಯ. ಆ ಸಂಶೋಧನೆಗಳ ಸಾರವನ್ನೂ, ಅವು ನಮ್ಮ ಮೂರು ಊರುಗಳಿಗೆ ಹೇಳುವ ಮಾತನ್ನೂ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಹಾಗೂ ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹೊಗೆ ಎಂದರೇನು?

ಕಟ್ಟಿಗೆಯಲ್ಲಿ ಇಂಗಾಲ, ಜಲಜನಕ ಹಾಗೂ ಆಮ್ಲಜನಕಗಳು ಕೂಡಿಕೊಂಡಿವೆ. ಸಾಕಷ್ಟು ಗಾಳಿ ಮತ್ತು ಸಾಕಷ್ಟು ಶಾಖ ದೊರೆತು ಅದು ಪೂರ್ಣವಾಗಿ ಉರಿದರೆ ಉಳಿಯುವುದು ಇಂಗಾಲದ ಡೈ ಆಕ್ಸೈಡ್, ನೀರಿನ ಆವಿ ಮತ್ತು ಒಂದಿಷ್ಟು ಬೂದಿ. ಗಾಳಿ ಸಾಲದಾದಾಗ, ಕಟ್ಟಿಗೆ ಹಸಿಯಾಗಿದ್ದಾಗ, ಅಥವಾ ಉರಿಯು ತಣ್ಣನೆಯ ಪಾತ್ರೆಗೆ ತಾಗಿ ಅರ್ಧಕ್ಕೇ ಆರಿದಾಗ ದಹನವು ಅಪೂರ್ಣವಾಗುತ್ತದೆ. ಆಗ ಹುಟ್ಟುವುದೇ ಹೊಗೆ. ವಿಷಾನಿಲವಾದ ಇಂಗಾಲದ ಮೊನಾಕ್ಸೈಡ್, ಕಣ್ಣುರಿಸುವ ಹಲವು ಆವಿಗಳು ಮತ್ತು ಅತಿಸೂಕ್ಷ್ಮ ಕಣಗಳು ಅದರಲ್ಲಿರುತ್ತವೆ. ಹೊಗೆಯೆಂದರೆ ಉರಿಯದೆ ಉಳಿದ ಇಂಧನ. ಆದುದರಿಂದ ಹೊಗೆಯು ರೋಗಕ್ಕೆ ಮೂಲವಾದಂತೆ ನಷ್ಟಕ್ಕೂ ಗುರುತಾಗಿದೆ.

ಈ ಕಣಗಳ ಪೈಕಿ 2.5 ಮೈಕ್ರೊಮೀಟರಿಗಿಂತ ಚಿಕ್ಕವು ಹೆಚ್ಚು ಅಪಾಯಕಾರಿ. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಪಾಲಿಗೂ ಇವು ಕಡಿಮೆ. ಮೂಗಿನ ಕೂದಲಾಗಲಿ, ಗಂಟಲಿನ ಕಫವಾಗಲಿ ಇವನ್ನು ಪೂರ್ಣವಾಗಿ ತಡೆಯಲಾರವು. ಇವು ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳವರೆಗೆ ಇಳಿಯುತ್ತವೆ. ಮಕ್ಕಳಲ್ಲಿ ನ್ಯುಮೋನಿಯಾ, ದೊಡ್ಡವರಲ್ಲಿ ದೀರ್ಘಕಾಲದ ಉಬ್ಬಸ, ಹೃದಯರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರು ಇವುಗಳಿಗೂ ಮನೆಯೊಳಗಿನ ಹೊಗೆಗೂ ಸಂಬಂಧವಿದೆಯೆಂದು ವೈದ್ಯವಿಜ್ಞಾನವು ಸಿದ್ಧಪಡಿಸಿದೆ. ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಒಲೆಯ ಯೋಗ್ಯತೆಯನ್ನು ಎರಡು ಬಗೆಯಿಂದ ಅಳೆಯಬೇಕಾಗುತ್ತದೆ. ಕಟ್ಟಿಗೆ ಎಷ್ಟು ಪೂರ್ಣವಾಗಿ ಉರಿಯಿತು ಎಂಬುದು ಒಂದು. ಹುಟ್ಟಿದ ಶಾಖದಲ್ಲಿ ಪಾತ್ರೆಗೆ ಎಷ್ಟು ಸೇರಿತು ಎಂಬುದು ಮತ್ತೊಂದು. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರುವ ಶಾಖವು ನೂರಕ್ಕೆ ಹತ್ತು ಹದಿನೈದರಷ್ಟು ಮಾತ್ರ. ತಲೆಯ ಮೇಲೆ ಹೊತ್ತು ತಂದ ಹತ್ತು ಕಿಲೋ ಕಟ್ಟಿಗೆಯಲ್ಲಿ ಎಂಟೂವರೆ ಒಂಬತ್ತು ಕಿಲೋ ಕಟ್ಟಿಗೆಯ ಶಾಖವು ಗೋಡೆಗೂ ಗಾಳಿಗೂ ದಾನವಾಗುತ್ತದೆ ಎಂದ ಹಾಗಾಯಿತು.

ಪುರ ಗ್ರಾಮದ ಲೆಕ್ಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಸಂಶೋಧನಾ ಕೇಂದ್ರವು ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದು ಅದರ ಗುರಿ. ಆ ಆಶಯವನ್ನು ಹೇಳುವ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಕೂಡಿ ‘ಅಸ್ತ್ರ’ ಎಂದಾಯಿತು. ಇದರ ಹಿಂದಿನ ಪ್ರೇರಣೆ ಪ್ರೊಫೆಸರ್ ಅಮೂಲ್ಯ ರೆಡ್ಡಿ (1930-2006) ಅವರದು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಗ್ರಂಥದ ಸಹಲೇಖಕರಾಗಿದ್ದ ಅವರು ಪ್ರಯೋಗಾಲಯದಿಂದ ಹಳ್ಳಿಯ ಒಲೆಯ ಕಡೆಗೆ ತಿರುಗಿದುದು ಆ ಕಾಲಕ್ಕೆ ಅನೇಕರಿಗೆ ವಿಚಿತ್ರವಾಗಿ ಕಂಡಿರಬೇಕು. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಸ್ಥಾಪನೆಯಾಗಿ ಇಂತಹ ಕಾರ್ಯಗಳಿಗೆ ರಾಜ್ಯ ಸರಕಾರದ ಆಸರೆಯೂ ದೊರೆಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರವು ತೆರೆಯಿತು.

ಅವರು ಮೊದಲು ಮಾಡಿದ ಕೆಲಸ ಯಂತ್ರವನ್ನು ಕಟ್ಟುವುದಲ್ಲ, ಲೆಕ್ಕ ಹಾಕುವುದು. ಉಂಗ್ರದ ಸುತ್ತಲಿನ ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ಖರ್ಚಾಗುತ್ತದೆ ಎಂದು ಅಳೆದು ತೂಗಿದರು. ಕಟ್ಟಿಗೆ, ಸೀಮೆಎಣ್ಣೆ, ವಿದ್ಯುತ್ತುಗಳ ಜೊತೆಗೆ ಎತ್ತಿನ ದುಡಿಮೆಯನ್ನೂ, ಗಂಡಸರ, ಹೆಂಗಸರ, ಮಕ್ಕಳ ದುಡಿಮೆಯನ್ನೂ ಶಕ್ತಿಯೆಂದೇ ಬರೆದುಕೊಂಡರು. ನೀರು ತರುವುದು, ಕಟ್ಟಿಗೆ ಆರಿಸುವುದು, ದನ ಮೇಯಿಸುವುದು, ಬುತ್ತಿ ಒಯ್ಯುವುದು ಇವೆಲ್ಲ ವಿಜ್ಞಾನದ ಕೋಷ್ಟಕದಲ್ಲಿ ಸ್ಥಾನ ಪಡೆದವು.

ಆ ಲೆಕ್ಕವು ಹೊರಗೆಡಹಿದ ಸತ್ಯ ಸರಳವಾಗಿತ್ತು, ಆದರೆ ದಂಗುಬಡಿಸುವಂತಿತ್ತು. ದೇಶದ ಇಂಧನ ಚರ್ಚೆಯೆಲ್ಲ ಆಗ ಪೆಟ್ರೋಲು, ಕಲ್ಲಿದ್ದಲು, ಅಣೆಕಟ್ಟುಗಳ ಸುತ್ತ ತಿರುಗುತ್ತಿತ್ತು. ಹಳ್ಳಿಯಲ್ಲಾದರೋ ಬಳಕೆಯಾಗುವ ಒಟ್ಟು ಶಕ್ತಿಯ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿ ಸೌದೆಯಿಂದಲೇ ಬರುತ್ತಿತ್ತು. ವಿದ್ಯುತ್ತಿನ ಪಾಲು ನೂರಕ್ಕೆ ಒಂದರ ಆಸುಪಾಸು. ಸೌದೆಯ ಬಹುಪಾಲು ಹಣ ಕೊಟ್ಟು ಕೊಂಡದ್ದಲ್ಲ, ಆರಿಸಿ ತಂದದ್ದು. ಪೇಟೆಯ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಆದರೆ ತಂದವರ ಕಾಲು, ಕುತ್ತಿಗೆ, ಹೊತ್ತುಗಳು ಆ ಬೆಲೆಯನ್ನು ತೆತ್ತಿದ್ದವು. ಹೆಂಗಸರ ಮತ್ತು ಮಕ್ಕಳ ಈ ದುಡಿಮೆಯು ಹಳ್ಳಿಯ ಶಕ್ತಿವ್ಯವಸ್ಥೆಯ ಒಂದು ಆಧಾರಸ್ತಂಭವೆಂಬುದು ಅಂಕಿಸಂಖ್ಯೆಗಳಿಂದ ಸ್ಥಿರಪಟ್ಟಿತು. ಕಟ್ಟಿಗೆ ತರಲು ಹೋದ ಹುಡುಗಿಯು ಶಾಲೆಗೆ ಗೈರುಹಾಜರಾಗುತ್ತಾಳೆ ಎಂಬ ಮಾತು ಶಿಕ್ಷಕರಾದ ನಮಗೆ ಹೊಸದಲ್ಲ. ಅದನ್ನು ಇಂಧನಶಾಸ್ತ್ರದ ಸಂಗತಿಯೆಂದು ತೋರಿಸಿಕೊಟ್ಟದ್ದು ಈ ಸಂಶೋಧನೆಯ ಹಿರಿಮೆ.

ಅಸ್ತ್ರ ಒಲೆ

ಲೆಕ್ಕ ಹಾಕಿದ ಮೇಲೆ ಉಪಾಯ ಹುಡುಕುವ ಸರದಿ. ಅಸ್ತ್ರದ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ಒಲೆಯೊಂದನ್ನು ರೂಪಿಸಿದರು. ಇದುವೇ ‘ಅಸ್ತ್ರ ಒಲೆ’. ಇದರ ತತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ತಿಳಿಯಬಹುದು. ಕಟ್ಟಿಗೆಯು ನೆಲದ ಮೇಲೆ ಉರಿಯದೆ ಜಾಲರಿಯ ಮೇಲೆ ಉರಿಯುತ್ತದೆ. ಆದುದರಿಂದ ಕೆಳಗಿನಿಂದ ಗಾಳಿ ಸರಾಗವಾಗಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಉರಿಯ ಕೋಣೆಯು ಮುಚ್ಚಿಕೊಂಡಿರುವುದರಿಂದ ಬೇಡದ ತಣ್ಣನೆಯ ಗಾಳಿ ನುಗ್ಗುವುದಿಲ್ಲ. ಬಿಸಿಗಾಳಿಯು ಮೊದಲನೆಯ ಪಾತ್ರೆಯ ತಳವನ್ನು ಸವರಿ, ಎರಡನೆಯದಕ್ಕೂ ಮೂರನೆಯದಕ್ಕೂ ಉಳಿದ ಶಾಖವನ್ನು ಕೊಟ್ಟು, ಕೊನೆಗೆ ಹೊಗೆಕೊಳವೆಯ ಮೂಲಕ ಮನೆಯ ಹೊರಗೆ ಹೋಗುತ್ತದೆ. ಪಾತ್ರೆಗಳು ಒಲೆಯ ಬಾಯಿಗೆ ಸರಿಯಾಗಿ ಕೂಡುವುದು ಇಲ್ಲಿ ಮುಖ್ಯ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇದರ ದಕ್ಷತೆಯು ನೂರಕ್ಕೆ 40ರ ಆಸುಪಾಸಿಗೆ ಮುಟ್ಟಿತು. ಹಳೆಯ ಒಲೆಯ ಲೆಕ್ಕಕ್ಕೆ ಹೋಲಿಸಿದರೆ ಇದು ಮೂರುಪಟ್ಟು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಈ ಒಲೆಯನ್ನು ಕಟ್ಟುವವರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲಿ ಹರಡಲು ಶ್ರಮಿಸಿತು.

ಇದೇ ಕಾಲಕ್ಕೆ ಪುರ ಗ್ರಾಮದಲ್ಲಿ ಸೆಗಣಿಯ ಅನಿಲದ ಸಾಮುದಾಯಿಕ ಸ್ಥಾವರವನ್ನು ಸ್ಥಾಪಿಸಲಾಯಿತು. ಊರಿನ ಅಡುಗೆಗೆಲ್ಲ ಆ ಅನಿಲವನ್ನು ಕೊಡುವ ಮೊದಲ ಯೋಜನೆಯು ಅನಿಲ ಸಾಲದೆ ಕೈಗೂಡಲಿಲ್ಲ. ವಿಜ್ಞಾನಿಗಳು ಅದನ್ನು ಮುಚ್ಚಿಡದೆ ಗ್ರಾಮಸ್ಥರೊಡನೆ ಮತ್ತೆ ಚರ್ಚಿಸಿದರು. ಅದರ ಫಲವಾಗಿ 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲಾಯಿತು. ಸೋಲನ್ನು ಒಪ್ಪಿಕೊಂಡ ಸಂಶೋಧನೆಯು ಗೆಲುವಿನ ದಾರಿ ಕಂಡುಕೊಂಡ ಉದಾಹರಣೆಯಿದು. ಅಸ್ತ್ರವು ಮುಂದೆ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರನ್ನು ತಾಳಿತು.

ಒಂದು ಮನೆಯ ಅನುಭವ

ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿಯನ್ನು ಬರೆಯಲು ಓದುಗರ ಅಪ್ಪಣೆ ಬೇಡುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ಯಾವುದೋ ಒಂದು ಯೋಜನೆಯಲ್ಲಿ ನಮ್ಮ ಊರಿಗೂ ‘ಹೊಗೆಯಿಲ್ಲದ ಒಲೆ’ ಬಂದಿತು. ನಾನೇ ಮುಂದಾಗಿ ನಮ್ಮ ಅಡುಗೆಮನೆಯಲ್ಲಿ ಅದನ್ನು ಕಟ್ಟಿಸಿದೆ. ಮೊದಲ ತಿಂಗಳು ಮನೆಯಲ್ಲಿ ಹಬ್ಬ. ಅವ್ವನ ಕಣ್ಣು ಕೆಂಪಾಗುವುದು ನಿಂತಿತು. ಎರಡನೆಯ ತಿಂಗಳಿಗೆ ಅವ್ವ ಒಂದು ಮಾತು ಅಂದಳು: “ಹೊಗಿ ಹೋದದ್ದು ಖರೆ, ತಮ್ಮಾ. ಆದ್ರ ರೊಟ್ಟಿ ಉಬ್ಬವಲ್ದು.”

ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡದ ಎದುರಿಗೆ ನಿಲ್ಲಿಸಿ ಉಬ್ಬಿಸುವುದು ನಮ್ಮ ಕಡೆಯ ಪದ್ಧತಿ. ಮುಚ್ಚಿದ ಒಲೆಯಲ್ಲಿ ಆ ತೆರೆದ ಬಾಯಿ ಇರಲಿಲ್ಲ. ಅನ್ನ ಸಾರಿಗೆ ಹೊಂದುವ ಒಲೆಯು ರೊಟ್ಟಿಗೆ ಹೊಂದಲಿಲ್ಲ. ಅವ್ವ ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ರೊಟ್ಟಿಗೆ ಬೇರೆ ಒಲೆ ಹೂಡಿದಳು. ಮಳೆಗಾಲದಲ್ಲಿ ಹೊಗೆಕೊಳವೆ ಹಾಯಿಸಿದ ಕಡೆ ಮಾಳಿಗೆ ಸೋರತೊಡಗಿತು. ಕೊಳವೆಯೊಳಗೆ ಮಸಿ ಕಟ್ಟಿ ಹೊಗೆಯು ಒಳಕ್ಕೇ ತಿರುಗಿತು. ಅದನ್ನು ತಿಂಗಳಿಗೊಮ್ಮೆ ತೆಗೆಯಬೇಕೆಂದು ನನಗೆ ಹೇಳಿದ್ದರೂ ನಾನು ಪರೀಕ್ಷೆಯ ಓದಿನಲ್ಲಿ ಮರೆತಿದ್ದೆ. ಮರುವರ್ಷ ಒಲೆಯನ್ನು ಒಡೆದು ಹಾಕಲಾಯಿತು. ನಾನು ಅವ್ವನ ಮೇಲೆ ಸಿಟ್ಟಾದೆ. ವಿಜ್ಞಾನವನ್ನು ಅವಳು ತಿರಸ್ಕರಿಸಿದಳೆಂದು ನನ್ನ ಭಾವನೆ. ಬಹಳ ವರ್ಷಗಳ ಮೇಲೆ ತಿಳಿಯಿತು, ಅವಳು ತಿರಸ್ಕರಿಸಿದ್ದು ವಿಜ್ಞಾನವನ್ನಲ್ಲ. ತನ್ನನ್ನು ಒಂದು ಮಾತೂ ಕೇಳದೆ ತನ್ನ ಒಲೆಯನ್ನು ಬದಲಿಸಿದ ನನ್ನ ಅವಸರವನ್ನು.

ಇದು ನಮ್ಮ ಮನೆಯೊಂದರ ಕಥೆಯಾಗಿ ಉಳಿಯಲಿಲ್ಲ. ಭಾರತ ಸರಕಾರವು 1983ರಲ್ಲಿ ಪ್ರಾರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 2002ರವರೆಗೆ ನಡೆದು, ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಬಳಕೆ ತಪ್ಪಿದವು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಇಂತಹ ಒಲೆಗಳನ್ನು ಪಡೆದ ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ಅಭ್ಯಾಸ ಮಾಡಿದ ರೇಮಾ ಹನ್ನಾ, ಎಸ್ತರ್ ಡುಫ್ಲೊ ಹಾಗೂ ಮೈಕೆಲ್ ಗ್ರೀನ್‌ಸ್ಟೋನ್ ಅವರು 2016ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮೊದಲ ವರ್ಷ ಹೆಂಗಸರು ಸೇವಿಸುವ ಹೊಗೆ ಕಡಿಮೆಯಾಯಿತು. ಆಮೇಲೆ ದುರಸ್ತಿಯಿಲ್ಲದೆ, ಬಳಕೆಯೂ ತಗ್ಗಿ, ಆ ಲಾಭವು ಅಳಿಸಿಹೋಯಿತು. ಪ್ರಯೋಗಾಲಯದ ದಕ್ಷತೆ ಒಂದು, ಅಡುಗೆಮನೆಯ ದಕ್ಷತೆ ಮತ್ತೊಂದು ಎಂಬ ಪಾಠವು ಇದರಿಂದ ದೃಢವಾಯಿತು.

ಅಡುಗೆಮನೆಯಿಂದ ಆಕಾಶಕ್ಕೆ

ಇಲ್ಲಿಯವರೆಗೆ ಮನೆಯೊಳಗಿನ ಮಾತಾಯಿತು. ಬೆಳಕಿಂಡಿಯಿಂದ ಹೊರಬಿದ್ದ ಹೊಗೆಯು ಮುಂದೆ ಎಲ್ಲಿಗೆ ಹೋಗುತ್ತದೆ? ಆಕಾಶದಲ್ಲಿ ಕರಗಿಹೋಗುತ್ತದೆಂದು ನಾವೆಲ್ಲ ನಂಬಿದ್ದೆವು. ಈ ನಂಬಿಕೆಯನ್ನು ಅಲುಗಿಸಿದ ಸಂಶೋಧನೆಯು 1999ರ ಜನವರಿಯಿಂದ ಮಾರ್ಚಿಯವರೆಗೆ ಹಿಂದೂ ಮಹಾಸಾಗರದ ಮೇಲೆ ನಡೆಯಿತು. ಹಲವು ದೇಶಗಳ ವಿಜ್ಞಾನಿಗಳು ಹಡಗು, ವಿಮಾನ, ಉಪಗ್ರಹಗಳನ್ನು ಬಳಸಿ ಕೈಕೊಂಡ ಈ ‘ಇಂಡೋಯೆಕ್ಸ್’ ಪ್ರಯೋಗದ ಮುಂದಾಳುಗಳು ವಿ. ರಾಮನಾಥನ್ ಮತ್ತು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್. ರಾಮನಾಥನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಓದಿದವರು. ಚಳಿಗಾಲದ ಗಾಳಿಯು ನೆಲದಿಂದ ಕಡಲಿಗೆ ಬೀಸುವಾಗ ಕಂದುಬಣ್ಣದ ಮಬ್ಬೊಂದು ಸಾಗರದ ಮೇಲೆ ಸಾವಿರಾರು ಕಿಲೋಮೀಟರು ಹರಡಿಕೊಳ್ಳುವುದನ್ನೂ, ಅದು ಮೂರು ಕಿಲೋಮೀಟರಿನಷ್ಟು ಎತ್ತರದವರೆಗೆ ಇರುವುದನ್ನೂ ಅವರು ಕಂಡರು.

ಆ ಮಬ್ಬಿನಲ್ಲಿ ವಿಜ್ಞಾನಿಗಳ ಗಮನವನ್ನು ಹೆಚ್ಚು ಸೆಳೆದದ್ದು ಮಸಿ, ಅಂದರೆ ‘ಕಪ್ಪು ಇಂಗಾಲ’. ಕರಿಯ ಕಂಬಳಿ ಬಿಸಿಲಿಗೆ ಬೇಗ ಕಾಯುವಂತೆ ಈ ಕರಿಯ ಕಣಗಳು ಸೂರ್ಯಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುತ್ತವೆ. ಅದೇ ವೇಳೆಗೆ ನೆಲಕ್ಕೆ ಮುಟ್ಟುವ ಬಿಸಿಲನ್ನು ತಗ್ಗಿಸುತ್ತವೆ. ಮೇಲೆ ಕಾವು, ಕೆಳಗೆ ನೆರಳು. ಈ ಏರುಪೇರು ಮಳೆಯ ವ್ಯವಸ್ಥೆಗೆ ಒಳ್ಳೆಯದಲ್ಲ. ನಮ್ಮ ರಾಜಧಾನಿಯಲ್ಲಿಯೇ 2001ರ ನವೆಂಬರ್ ತಿಂಗಳಲ್ಲಿ ಎಸ್. ಸುರೇಶ್ ಬಾಬು, ಎಸ್. ಕೆ. ಸತೀಶ್ ಮತ್ತು ಕೆ. ಕೃಷ್ಣಮೂರ್ತಿ ಇವರು ಮಸಿಯನ್ನು ಅಳೆದರು. ಗಾಳಿಯಲ್ಲಿ ತೇಲುವ ಕಣಗಳ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಸಿಯೇ ಆಗಿತ್ತು. ಅಲ್ಲಿ ನೆಲವು ಪ್ರತಿ ಚದರ ಮೀಟರಿಗೆ 23 ವ್ಯಾಟಿನಷ್ಟು ಬಿಸಿಲನ್ನು ಕಳೆದುಕೊಂಡರೆ, ವಾಯುಮಂಡಲವು 28 ವ್ಯಾಟಿನಷ್ಟು ಕಾವನ್ನು ಪಡೆಯುತ್ತಿತ್ತೆಂದು ಅವರು ಲೆಕ್ಕ ಮಾಡಿದರು. ಈ ಅಧ್ಯಯನಗಳ ಹಿಂದೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಬೆಂಬಲವಿತ್ತು.

ಈ ಮಸಿಯು ಯಾರದು? ಕಾರ್ಖಾನೆಯದೋ, ಮೋಟಾರಿನದೋ, ಒಲೆಯದೋ? ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಚಂದ್ರಾ ವೆಂಕಟರಾಮನ್ ಮತ್ತು ಅವರ ಸಂಗಡಿಗರು ಸೌದೆ, ಬೆಳೆಯ ಕಸ, ಕುಳ್ಳುಗಳನ್ನು ಒಲೆಯಲ್ಲಿ ಉರಿಸಿ ಅವುಗಳ ಹೊಗೆಯನ್ನು ಅಳೆದು 2005ರಲ್ಲಿ ಉತ್ತರ ಕೊಟ್ಟರು. ಭಾರತದಲ್ಲಿ ಹುಟ್ಟುವ ಕಪ್ಪು ಇಂಗಾಲದಲ್ಲಿ ನೂರಕ್ಕೆ ಸುಮಾರು 42 ಪಾಲು ಒಲೆಯ ಜೈವಿಕ ಇಂಧನದಿಂದಲೂ, 33 ಪಾಲು ಹೊಲ ಕಾಡುಗಳ ಬೆಂಕಿಯಿಂದಲೂ, 25 ಪಾಲು ಕಲ್ಲಿದ್ದಲು ಪೆಟ್ರೋಲು ಡೀಸೆಲುಗಳಿಂದಲೂ ಬರುತ್ತದೆಂದು ಅವರ ಅಂದಾಜು. ಪುಣೆಯ ಬಳಿಯ ಸಿಂಹಗಡದಲ್ಲಿಯೂ ಮಾಲ್ದೀವಿನ ದ್ವೀಪವೊಂದರಲ್ಲಿಯೂ ಹಿಡಿದ ಮಸಿಯನ್ನು ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಅರ್ಧದಿಂದ ಮೂರರಲ್ಲಿ ಎರಡು ಪಾಲು ಮಸಿಯು ಜೈವಿಕ ವಸ್ತುಗಳದೇ ಎಂದು ತೋರಿಸಿತು. ಈ ವಿಧಾನವು ಸ್ವಾರಸ್ಯಕರವಾಗಿದೆ. ಇತ್ತೀಚೆಗೆ ಬದುಕಿದ್ದ ಗಿಡದ ಇಂಗಾಲದಲ್ಲಿ ವಿಕಿರಣದ ಗುರುತು ಉಳಿದಿರುತ್ತದೆ. ಕೋಟ್ಯಂತರ ವರ್ಷ ಹುದುಗಿದ್ದ ಕಲ್ಲಿದ್ದಲಿನಲ್ಲಿ ಅದು ಅಳಿದಿರುತ್ತದೆ. ಹೀಗೆ ಮಸಿಯು ತನ್ನ ಮನೆತನವನ್ನು ತಾನೇ ಹೇಳುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯದ ಮುಂಗಾರು ಮಳೆ ಕುಗ್ಗಿದುದಕ್ಕೆ ಮಾನವನಿಂದ ಹುಟ್ಟಿದ ಇಂತಹ ಕಣಗಳು ಮುಖ್ಯ ಕಾರಣವೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಆದರೆ ಇದರಿಂದ ನಮ್ಮ ಅವ್ವಂದಿರ ಒಲೆಯೇ ಬರಗಾಲ ತಂದಿತೆಂದು ಯಾರೂ ತೀರ್ಪು ಕೊಡಬಾರದು. ಆ ಕಣಗಳಲ್ಲಿ ಕಲ್ಲಿದ್ದಲಿನ ಗಂಧಕದ ಹೊಗೆಯ ಪಾಲು ದೊಡ್ಡದು. ಭೂಮಿಯ ಕಾವು ಏರಲು ಮುಖ್ಯ ಕಾರಣವಾದ ಇಂಗಾಲದ ಡೈ ಆಕ್ಸೈಡನ್ನು ತುಂಬಿದವರು ಹೆಚ್ಚಾಗಿ ಶ್ರೀಮಂತ ದೇಶಗಳ ಕಾರ್ಖಾನೆ ಮೋಟಾರುಗಳ ಒಡೆಯರು, ಕುಳ್ಳು ತಟ್ಟಿದ ಬಡವರಲ್ಲ. ನಾವು ಗಮನಿಸಬೇಕಾದ ಅಂಶ ಬೇರೆ. ಡೈ ಆಕ್ಸೈಡು ಆಕಾಶದಲ್ಲಿ ಶತಮಾನಗಳವರೆಗೆ ನಿಲ್ಲುತ್ತದೆ; ಮಸಿಯಾದರೋ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮಳೆಗೆ ತೊಳೆದುಹೋಗುತ್ತದೆ. ಒಲೆಯನ್ನು ಸುಧಾರಿಸಿದರೆ ಅದರ ಫಲವು ನಮ್ಮ ಕಣ್ಣೆದುರಿಗೇ ದೊರೆಯುತ್ತದೆ. ತಾಯಿಯ ಎದೆಗೂ ಆಕಾಶಕ್ಕೂ ಒಂದೇ ಔಷಧ.

ರಾಷ್ಟ್ರೀಯ ಜಾಲ ಮತ್ತು ಮೈಸೂರಿನ ಮಾದರಿ

ಈ ಸಂಶೋಧನೆಗಳ ಮಹತ್ವವನ್ನು ಅರಿತು ಭಾರತ ಸರಕಾರವು 2011ರಲ್ಲಿ ಇಂಗಾಲಯುಕ್ತ ಕಣಗಳ ಅಭ್ಯಾಸಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಅದರ ಅಂಗವಾಗಿ ಕೇಂದ್ರ ಪರಿಸರ ಮಂತ್ರಾಲಯದ ನೆರವಿನಿಂದ, ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಯೋಜನೆಯಲ್ಲಿ ‘ಕೋಅಲೆಸ್’ ಎಂಬ ಹಲವು ಸಂಸ್ಥೆಗಳ ಜಾಲವು ಏರ್ಪಟ್ಟಿತು. ದೇಶದ ನಾನಾ ಭಾಗಗಳಲ್ಲಿ ಗಾಳಿಯ ಕಣಗಳನ್ನು ಒಂದೇ ವಿಧಾನದಿಂದ ಹಿಡಿದು, ಅವುಗಳ ಮೂಲವನ್ನು ಗುರುತಿಸುವುದು ಈ ಜಾಲದ ಕಾರ್ಯ. ಕರ್ನಾಟಕದ ಪಾಲಿಗೆ ಈ ಕಾರ್ಯವನ್ನು ವಹಿಸಿಕೊಂಡದ್ದು ಮೈಸೂರಿನ ಜೆಎಸ್‌ಎಸ್ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿ. ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪಿತವಾದ ಮಹಾವಿದ್ಯಾಪೀಠದ ಶಾಖೆಯಿದು. ಅನ್ನ ಅಕ್ಷರಗಳ ದಾಸೋಹಕ್ಕೆ ಹೆಸರಾದ ಮಠವೊಂದರ ಸಂಸ್ಥೆಯು ದೇಶದ ಗಾಳಿಯ ಲೆಕ್ಕ ಬರೆಯುವ ಕಾರ್ಯದಲ್ಲಿಯೂ ಕೈಜೋಡಿಸಿದುದು ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಅನುಕರಣೀಯ.

ಕಾನೂನಿನ ಮಟ್ಟದಲ್ಲಿಯೂ ಕೆಲವು ಮೈಲುಗಲ್ಲುಗಳಿವೆ. ವಾಯುಮಾಲಿನ್ಯ ನಿಯಂತ್ರಣ ಅಧಿನಿಯಮವು 1981ರಲ್ಲಿ ಜಾರಿಗೆ ಬಂದಿತು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿಯು ಘನಮೀಟರಿಗೆ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಕಟ್ಟಿಗೆ ಒಲೆಯ ಮುಂದೆ ಅಡುಗೆಯ ಹೊತ್ತಿನಲ್ಲಿ ಈ ಅಂಕಿಯು ನೂರುಗಳನ್ನು ದಾಟಿ ಸಾವಿರಗಳಿಗೂ ಏರುತ್ತದೆ. 2019ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ ನಗರಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಹೆದ್ದಾರಿಯಲ್ಲಿ ನಮ್ಮ ಉತ್ತರಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ದಾವಣಗೆರೆ. ನಡುವೆ ಇರುವ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಆ ಪಟ್ಟಿಯಲ್ಲಿಲ್ಲ. ಆದರೆ ಗಾಳಿಗೆ ಪಟ್ಟಿ ಓದಲು ಬರುವುದಿಲ್ಲ.

ನಮ್ಮ ಮೂರು ಊರುಗಳು

ಇಂಧನದ ದೃಷ್ಟಿಯಿಂದ ನಮ್ಮ ನಾಡನ್ನು ನೋಡಿದರೆ ಒಳ್ಳೆಯದೂ ಕೆಟ್ಟದೂ ಎರಡೂ ಕಾಣುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಕಣದಲ್ಲಿ ಬಿಸಿಲಿಗೆ ಒಣಗುತ್ತದೆ. ಹೊಗೆಯಿಲ್ಲದ, ಬೆಲೆಯಿಲ್ಲದ ಸೂರ್ಯಶಕ್ತಿಯನ್ನು ನಮ್ಮ ರೈತರು ತಲೆಮಾರುಗಳಿಂದ ಬಲ್ಲರು. ಅದೇ ಬೆಳೆಯು ಹವಾಮಾನದ ಏರುಪೇರಿಗೆ ಬೇಗ ಬಲಿಯಾಗುತ್ತದೆಂಬುದನ್ನೂ ಬಲ್ಲರು. ಕಾಯಿ ಕಣದಲ್ಲಿರುವಾಗ ಅಕಾಲದ ಮಳೆ ಸುರಿದರೆ ಬಣ್ಣವೂ ಬೆಲೆಯೂ ಒಂದೇ ರಾತ್ರಿಯಲ್ಲಿ ಇಳಿಯುತ್ತವೆ.

ರಾಣೇಬೆನ್ನೂರು, ಹಾವೇರಿಗಳ ಕಡೆ ಹತ್ತಿ ಮತ್ತು ಗೋವಿನಜೋಳ ಹೇರಳ. ಹತ್ತಿಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ತೆನೆಯ ದಿಂಡು, ಜಾಲಿಕಟ್ಟಿಗೆ, ಕುಳ್ಳು ಇವು ನಮ್ಮ ಒಲೆಯ ಆಹಾರ. ಇವು ಭರದಿಂದ ಉರಿದು ಬೇಗ ಆರುವವು ಇಲ್ಲವೆ ಮೆಲ್ಲಗೆ ಕನಲಿ ಹೊಗೆಯಾಡುವವು. ಎರಡೂ ಬಗೆಯಲ್ಲಿ ಹೊಗೆ ಹೆಚ್ಚು. ಒಲೆಗೆ ಮಿಕ್ಕಿದ್ದನ್ನು ಹೊಲದಲ್ಲಿಯೇ ಸುಡುವವರೂ ಉಂಟು. ಇದರೊಡನೆ ಇಟ್ಟಿಗೆ ಭಟ್ಟಿಗಳು, ಹೆದ್ದಾರಿಯ ಲಾರಿಗಳು, ಪಟ್ಟಣದ ಕಸಕ್ಕೆ ಹಚ್ಚುವ ಬೆಂಕಿ ಸೇರಿಕೊಳ್ಳುತ್ತವೆ.

2016ರ ಮೇ 1ರಂದು ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಬಡ ಮನೆಗಳಿಗೂ ಅನಿಲದ ಸಿಲಿಂಡರು ಬಂದಿತು. ಇದು ಸಣ್ಣ ಸಾಧನೆಯಲ್ಲ. ಆದರೂ ನಮ್ಮ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆದು ನೋಡಿದರೆ ಹೊಗೆ ಪೂರ್ತಿ ನಿಂತಿಲ್ಲ. ಚಹಾ, ಪಲ್ಯಗಳಿಗೆ ಅನಿಲ. ಸ್ನಾನದ ನೀರಿಗೆ ಬಚ್ಚಲ ಒಲೆ. ಹಬ್ಬಕ್ಕೆ, ರೊಟ್ಟಿಗೆ ಮತ್ತೆ ಕಟ್ಟಿಗೆ. ತುಂಬಿಸಿದ ಸಿಲಿಂಡರಿನ ಬೆಲೆ, ಹೊಲದಲ್ಲಿ ಪುಕ್ಕಟೆ ಸಿಗುವ ಹತ್ತಿಕಟ್ಟಿಗೆ, ರೊಟ್ಟಿಯ ರುಚಿ ಇವೆಲ್ಲ ಇದರ ಹಿಂದಿವೆ. ಅನಿಲ ಬಂದೊಡನೆ ಒಲೆ ಆರಿತೆಂದು ಕಾಗದದ ಮೇಲೆ ಬರೆಯಬಹುದು. ಬಚ್ಚಲ ಹಂಡೆಯ ತಳ ಬೇರೆ ಮಾತು ಹೇಳುತ್ತದೆ.

ನಮ್ಮ ಶಾಲೆ ಏನು ಮಾಡಬಹುದು?

ಸಂಶೋಧನೆಯು ದೊಡ್ಡ ಸಂಸ್ಥೆಗಳ ಸೊತ್ತೆಂದು ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಪುರದಲ್ಲಿ ನಡೆದದ್ದಾದರೂ ಏನು? ತಕ್ಕಡಿ, ಗಡಿಯಾರ, ನೋಟಬುಕ್ಕು ಮತ್ತು ತಾಳ್ಮೆ. ಇವು ನಾಲ್ಕೂ ನಮ್ಮ ಶಾಲೆಯಲ್ಲಿವೆ. ಆದುದರಿಂದ ನಾಲ್ಕು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

ಒಂದನೆಯದು: ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯು ಒಂದು ವಾರ ತನ್ನ ಮನೆಯಲ್ಲಿ ಉರಿಯುವ ಕಟ್ಟಿಗೆಯನ್ನು ತೂಗಿ ಬರೆಯಲಿ. ಅಡುಗೆಗೆ ಎಷ್ಟು, ನೀರು ಕಾಯಿಸಲು ಎಷ್ಟು, ತಂದವರು ಯಾರು, ಎಷ್ಟು ಹೊತ್ತು ಹಿಡಿಯಿತು ಎಂಬ ನಾಲ್ಕು ಕಾಲಮುಗಳು ಸಾಕು. ಉದಾಹರಣೆಗಾಗಿ ಒಂದು ಮನೆಗೆ ದಿನಕ್ಕೆ 5 ಕಿಲೋ ಎಂದು ಹಿಡಿದರೂ ವರ್ಷಕ್ಕೆ 1,825 ಕಿಲೋ ಆಯಿತು. ನೂರು ಮನೆಗಳಿಗೆ 182 ಟನ್ನು ಮೀರಿತು. ಗಣಿತದ ಪಾಠಕ್ಕೆ ಇದಕ್ಕಿಂತ ಜೀವಂತ ಲೆಕ್ಕ ಬೇಕೆ?

ಎರಡನೆಯದು: ಆ ಲೆಕ್ಕಕ್ಕೆ ಮೊದಲು ಮನೆಯ ತಾಯಂದಿರನ್ನು ಕೇಳಲಿ. ಯಾವ ಅಡುಗೆಗೆ ಯಾವ ಒಲೆ ಬೇಕು, ಏಕೆ ಬೇಕು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ನನ್ನಂತೆ ತಪ್ಪು ಮಾಡಿ ಆಮೇಲೆ ಕಲಿಯುವುದು ಬೇಡ.

ಮೂರನೆಯದು: ಸುಧಾರಣೆಯು ಬಚ್ಚಲಿನಿಂದ ಪ್ರಾರಂಭವಾಗಲಿ. ನೀರು ಕಾಯಿಸಲು ರೊಟ್ಟಿಯ ರುಚಿಯ ಪ್ರಶ್ನೆಯಿಲ್ಲ, ಕೆಂಡ ಬೇಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಒಣಗಿಸುವ ಬಿಸಿಲು ಸ್ನಾನದ ನೀರನ್ನೂ ಕಾಯಿಸಬಲ್ಲದು. ದಾನಿಗಳು ಮನಸ್ಸು ಮಾಡಿದರೆ ವಿದ್ಯಾರ್ಥಿನಿಲಯದ ಸ್ನಾನಗೃಹಕ್ಕೆ ಸೌರ ನೀರುಕಾಯಿಸುವ ಯಂತ್ರವು ಮೊದಲು ಬರಲಿ.

ನಾಲ್ಕನೆಯದು: ದಾಸೋಹದ ಅಡುಗೆಮನೆ. ಸಾವಿರಾರು ಮಕ್ಕಳು ಉಂಡು ಬೆಳೆದ ಒಲೆ ಅದು. ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಉಂಡವರು ಹೊಗೆಯನ್ನು ಕಾಣಲಿಲ್ಲ, ಬಡಿಸಿದವರೂ ಕಾಣಲಿಲ್ಲ, ಒಳಗೆ ಬೇಯಿಸಿದವರು ಮಾತ್ರ ಕಂಡರು. ದಾಸೋಹವು ಎಲ್ಲರಿಗೂ ಹಂಚುವುದಾದರೆ, ಹೊಗೆಯನ್ನು ಮಾತ್ರ ಕೆಲವರಿಗೇ ಬಿಟ್ಟುಕೊಡುವುದು ನ್ಯಾಯವಲ್ಲ. ಆ ಅಡುಗೆಯವರ ಕಣ್ಣು, ಎದೆಗಳ ತಪಾಸಣೆ, ಗಾಳಿ ಹೊರಹೋಗುವ ಸರಿಯಾದ ವ್ಯವಸ್ಥೆ, ಅನಿಲ ಇಲ್ಲವೆ ಉಗಿಯ ಅಡುಗೆ ಇವು ಕಟ್ಟಡಕ್ಕೆ ಕೊಡುವ ದಾನಕ್ಕಿಂತ ಕಡಿಮೆಯ ಪುಣ್ಯಕಾರ್ಯಗಳಲ್ಲ. ಗೋಡೆಯ ಮೇಲೆ ಹೆಸರು ಕೆತ್ತಿಸಲು ಇಲ್ಲಿ ಅವಕಾಶ ಕಡಿಮೆಯಿರಬಹುದು.

ಉಪಸಂಹಾರ

ಅಳೆದದ್ದನ್ನು ಅರಿಯಬಹುದು, ಅರಿತದ್ದನ್ನು ತಿದ್ದಬಹುದು. ವಿಜ್ಞಾನದ ಮಾರ್ಗ ಇಷ್ಟೇ. ಆದರೆ ಯಾರಿಗಾಗಿ ಅಳೆಯುತ್ತಿದ್ದೇವೆ ಎಂಬುದನ್ನು ಮರೆತರೆ ಅಳತೆಯು ಕಾಗದದಲ್ಲಿಯೇ ಉಳಿಯುತ್ತದೆ. ಪುರ ಗ್ರಾಮದ ಲೆಕ್ಕದಿಂದ ಮೈಸೂರಿನ ಉಪಕರಣದವರೆಗೆ ಸರಕಾರವು ಖರ್ಚು ಮಾಡಿದ ಪ್ರತಿ ರೂಪಾಯಿಯೂ ಜನರ ಹಣ. ಕಟ್ಟಿಗೆ ಹೊತ್ತವರ ಪಾಲೂ ಅದರಲ್ಲಿದೆ. ಆ ಜ್ಞಾನವು ಮರಳಿ ಅವರ ಅಡುಗೆಮನೆಗೆ ಮುಟ್ಟಿದಾಗಲೇ ಸಂಶೋಧನೆಯು ಪೂರ್ಣವಾದಂತೆ. ಅದನ್ನು ಮುಟ್ಟಿಸುವವರು ಊರಿನ ಶಿಕ್ಷಕರಲ್ಲದೆ ಮತ್ತಾರು?

ಅವ್ವ ತನ್ನ ಕೊನೆಯ ವರ್ಷಗಳಲ್ಲಿ ರಾತ್ರಿ ಮಲಗಿ ಉಸಿರಾಡಲಾರದೆ ಗೋಡೆಗೆ ಒರಗಿ ಕೂಡುತ್ತಿದ್ದಳು. ಒಮ್ಮೆಯೂ ಬೀಡಿ ಸೇದದವಳ ಎದೆ ಹೀಗೇಕಾಯಿತೆಂದು ಮನೆಯವರು ಆಶ್ಚರ್ಯಪಟ್ಟರು. ಉತ್ತರವು ತಲೆಯ ಮೇಲಿನ ಜಂತಿಗಳಲ್ಲಿ ಕರ್ರಗೆ ಬರೆದಿತ್ತು. ಓದು ಬಲ್ಲವನಾದ ನಾನು ಅದನ್ನು ಓದಲಿಲ್ಲ. ನಮ್ಮ ಶಾಲೆಯ ಮಕ್ಕಳಾದರೂ ಅದನ್ನು ಸಕಾಲದಲ್ಲಿ ಓದಲಿ. ಮುಂದಿನ ಸಂಚಿಕೆಯಲ್ಲಿ ಅವರು ತೂಗಿ ಬರೆದ ಲೆಕ್ಕವೇ ಅಚ್ಚಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.